ಮಲಗೋ ಹೊತ್ತಿನ ಕಥೆ: ಮಗು ಕೊನೆಯನ್ನೇ ಬದಲಾಯಿಸಿದರೆ ಬಿಡಬೇಕಾ?

ಪ್ರಶ್ನೆ | ಬುರುಜನಹಟ್ಟಿ ಅಮ್ಮ, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಆರು ವರ್ಷ. ಒಂದನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಅವಳಿಗೆ ಮೂರು ವರ್ಷ ಇದ್ದಾಗಿನಿಂದ ರಾತ್ರಿ ಮಲಗುವ ಮುಂಚೆ ಒಂದು ಕನ್ನಡ ಕಥೆ ಓದುತ್ತಾ ಬಂದಿದ್ದೇನೆ. ಪಾತ್ರೆ ತೊಳೆದು, ಹಾಸಿಗೆ ಹಾಸಿ, ಒಂಬತ್ತೂವರೆಗೆ ಶುರು ಮಾಡುತ್ತೇವೆ. ಹದಿನೈದು ನಿಮಿಷ, ಕೆಲವು ದಿನ ಇಪ್ಪತ್ತು.

ಈಗ ಎರಡು ತಿಂಗಳಿಂದ ಅವಳಿಗೆ ಒಂದೇ ಕಥೆ ಬೇಕು. ಓಬವ್ವನದು. ನಮ್ಮ ಮನೆಯಿಂದ ಕೋಟೆಗೆ ನಡೆದೇ ಹೋಗಬಹುದು. ಒಂದು ಭಾನುವಾರ ಕಿಂಡಿ ತೋರಿಸಿಕೊಂಡು ಬಂದೆ, ಅವತ್ತಿನಿಂದ ಹಿಡಿದುಕೊಂಡಿದ್ದಾಳೆ. ಕಥೆ ನಿಮಗೆಲ್ಲ ಗೊತ್ತಿರುವುದೇ. ಕಾವಲಿನ ಗಂಡ ಊಟಕ್ಕೆ ಬಂದ. ಓಬವ್ವ ನೀರು ತರಲು ಹೋದಳು. ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ನುಸುಳುತ್ತಿದ್ದರು. ಒನಕೆ ಹಿಡಿದು ನಿಂತಳು. ನಾನು ಅಲ್ಲಿಗೆ ಬರುವಷ್ಟರಲ್ಲಿ ಇವಳು ಕೈ ಅಡ್ಡ ಹಿಡಿದು ಪುಟ ಮುಚ್ಚುತ್ತಾಳೆ. "ಅಮ್ಮಾ, ಓಬವ್ವಂಗೆ ನನ್ನಷ್ಟು ಮಗಳಿದ್ಲಾ? ಆವಾಗ ಅವಳು ಎಲ್ಲಿ ಮಲಗಿದ್ಲು?"

ಓಬವ್ವ ಸಾಯುವ ಕೊನೆ ಅವಳಿಗೆ ಬೇಡವೇ ಬೇಡ. ತಾನೇ ಬೇರೆ ಮಾಡುತ್ತಾಳೆ. ಒಂದು ದಿನ ಓಬವ್ವನ ಮಗಳು ಎದ್ದು ಅಪ್ಪನ ಕಹಳೆ ಊದಿದಳು. ಇನ್ನೊಂದು ದಿನ ಕೊನೆಯ ಸೈನಿಕ ಹಸಿದಿದ್ದ, ಓಬವ್ವ ಅವನಿಗೆ ಮುದ್ದೆ ಕೊಟ್ಟಳು. ನಮ್ಮ ಅತ್ತೆಗೆ ಇದು ಸರಿ ಬರುವುದಿಲ್ಲ. "ಅವಳು ಜೀವ ಕೊಟ್ಟದ್ದಕ್ಕೇ ಅಲ್ವಾ ನಾವು ಕೈ ಮುಗಿಯೋದು? ಅದನ್ನೇ ತೆಗೆದರೆ ಉಳಿಯೋದೇನು?" ಅಂತಾರೆ. ಅವರ ಮಾತೂ ಸುಳ್ಳಲ್ಲ ಅನಿಸುತ್ತೆ. ನಾವು ಹುಟ್ಟಿ ಬೆಳೆದದ್ದು ಅದೇ ಕೋಟೆಯ ನೆರಳಲ್ಲಿ.

ಇದರ ಮೇಲೆ ಶಾಲೆಯಲ್ಲಿ ಒಬ್ಬ ಟೀಚರ್, ಮನೆಯಲ್ಲಿ ಕನ್ನಡ ಓದಿಸಿದರೆ ಇಂಗ್ಲಿಷ್ ಹಿಂದೆ ಬೀಳುತ್ತೆ, ರಾತ್ರಿ ಇಂಗ್ಲಿಷ್ ಕಥೆ ಓದಿ ಅಂದರು.

ನನ್ನ ಆಸೆಯನ್ನೂ ಹೇಳಿಬಿಡುತ್ತೇನೆ. ಪಿಯುಸಿಯಲ್ಲಿ ನಾನು ಕವಿತೆ ಬರೆಯುತ್ತಿದ್ದೆ. ಮದುವೆ ಆದಮೇಲೆ ನಿಂತುಹೋಯಿತು. ಮಗಳು ಬರೆಯುವವಳಾಗಲಿ ಅಂತ ತುಂಬಾ ಇದೆ. ರಾತ್ರಿ ಕಥೆ ಓದುವುದರಿಂದ ಅದು ನಿಜಕ್ಕೂ ಬರುತ್ತಾ? ಬರುವುದಾದರೆ ನಾನು ಹೇಗೆ ಓದಬೇಕು? ಇದ್ದದ್ದನ್ನು ಇದ್ದ ಹಾಗೆ ಓದಲಾ, ಅವಳು ಮುರಿದರೆ ಮುರಿಯಲು ಬಿಡಲಾ?

ಉತ್ತರ | ಮಂಡಕ್ಕಿ ಪೊಟ್ಟಣ, ದಾವಣಗೆರೆ

ತಂಗಿ, ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿ ಓದಿದೆ. ಬೆಳಿಗ್ಗೆ ಎದ್ದಾಗಲೂ ಅದೇ ತಲೆಯಲ್ಲಿತ್ತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಇವತ್ತು ಬರೆಯುತ್ತೇನೆ. ಎರಡು ಕಥಾ ಸಂಕಲನ ಬಂದಿವೆ, ಸಣ್ಣವು. ಆದರೆ ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಒಂದೂ ಪುಸ್ತಕ ಇರಲಿಲ್ಲ. ಕಥೆ ಓದಿ ಮಲಗಿಸುವ ಅಭ್ಯಾಸ ಮಾತ್ರ ಇತ್ತು. ಅದು ಹೇಗೆ ಅಂತ ಹೇಳುತ್ತೇನೆ.

ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದ ಕೊನೆಯ ದಿನಗಳು ಅವು. ಆಗ ನಾವೂ ನಿಮ್ಮ ಚಿತ್ರದುರ್ಗ ಜಿಲ್ಲೆಯವರೇ. ನಮ್ಮದು ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಅಪ್ಪ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮೊದಲ ಪಾಳಿ ಇದ್ದ ವಾರ ಸಂಜೆ ಬರುವಾಗ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬರುತ್ತಿದ್ದರು. ಹುಬ್ಬಿನಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ನಾನು ಮೊದಲು ಅದನ್ನು ತೆಗೆಯುತ್ತಿದ್ದೆ, ಆಮೇಲೆ ಪೊಟ್ಟಣ.

ಪೊಟ್ಟಣ ಕಟ್ಟುತ್ತಿದ್ದದ್ದು ಹಳೇ ಪೇಪರಿನಲ್ಲಿ. ದಿನಪತ್ರಿಕೆ, ವಾರಪತ್ರಿಕೆ, ಯಾವುದೋ ಶಾಲೆ ಹುಡುಗನ ನೋಟ್‌ಬುಕ್ಕು, ಏನಾದರೂ ಆಗಬಹುದು. ಮಂಡಕ್ಕಿ ತಟ್ಟೆಗೆ ಸುರಿದ ಮೇಲೆ ಅವ್ವ ಆ ಕಾಗದವನ್ನು ಒಲೆಗೆ ಹಾಕಲು ಹೋದರೆ ಅಪ್ಪ ಬಿಡುತ್ತಿರಲಿಲ್ಲ. ಒರೆಸಿ, ಮಡಿಸಿ ದಿಂಬಿನ ಕೆಳಗೆ ಇಡುತ್ತಿದ್ದರು. ಊಟ ಆಗಿ, ಚಾಪೆ ಹಾಸಿ, ದೀಪದ ಹತ್ತಿರ ಅದನ್ನು ಬಿಡಿಸುತ್ತಿದ್ದರು. ನಾನು ಅವರ ತೋಳಿನ ಮೇಲೆ.

ಅಪ್ಪ ಬೆರಳಿಟ್ಟು ಓದುತ್ತಿದ್ದರು. ಒಂದೊಂದೇ ಅಕ್ಷರ ಕೂಡಿಸಿ. "ಕಾ… ಡಿ… ನ… ಲ್ಲಿ…" ಅಂತ. ಒತ್ತಕ್ಷರ ಬಂದರೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಅವರು "ಹು" ಅಂದ ಕೂಡಲೇ ನನ್ನ ತಲೆಯಲ್ಲಿ ಹುಲಿ, ಹುಡುಗಿ, ಹುಣಸೆಮರ ಎಲ್ಲ ಬಂದು ನಿಲ್ಲುತ್ತಿದ್ದವು. ಯಾವುದು ಅಂತ ಗೊತ್ತಾಗುವುದು ಅವರ ಬೆರಳು ಮುಂದೆ ಹೋದ ಮೇಲೆ. ಕೆಲವು ಸಲ ಅದು ಹುತ್ತ ಆಗಿರುತ್ತಿತ್ತು. ಆದರೆ ಅಷ್ಟರಲ್ಲಿ ನನ್ನ ಹುಲಿ ಆಗಲೇ ಕಾಡಿನಲ್ಲಿ ಓಡಾಡಿ ಬಂದಾಗಿತ್ತು. ಅದನ್ನು ವಾಪಸ್ ಕಳಿಸಲು ಆಗುತ್ತಿರಲಿಲ್ಲ.

ಇನ್ನೊಂದು ವಿಷಯ. ಬಜ್ಜಿಯ ಎಣ್ಣೆ ಹತ್ತಿದ ಜಾಗದಲ್ಲಿ ಕಾಗದ ಗಾಜಿನ ಥರ ಆಗುತ್ತೆ, ಅಲ್ವಾ. ಹಿಂದಿನ ಪುಟದ ಅಕ್ಷರ ಮುಂದೆ ಕಾಣುತ್ತೆ, ಅದೂ ತಿರುಗಿ. ಅಪ್ಪ ಅಲ್ಲಿ ತಡವರಿಸುತ್ತಿದ್ದರು. ರಾಜನ ಕಥೆಯ ನಡುವೆ ಬಾವಿ ತೋಡುವ ಟೆಂಡರ್ ಬಂದುಬಿಡುತ್ತಿತ್ತು. ಅಪ್ಪ ಅದನ್ನು ಬಿಡದೆ ಓದುತ್ತಿದ್ದರು, ಕಾಗದದಲ್ಲಿ ಇರುವುದೆಲ್ಲ ಕಥೆಯೇ ಅನ್ನುವ ಹಾಗೆ. ಹಾಗಾಗಿ ನನ್ನ ರಾಜರು ಬಾವಿ ತೋಡಿಸುತ್ತಿದ್ದರು, ಎಷ್ಟು ಅಡಿ ಅಂತ ಲೆಕ್ಕ ಕೇಳುತ್ತಿದ್ದರು. ಇವತ್ತಿಗೂ ನನ್ನ ಕಥೆಗಳಲ್ಲಿ ಜನ ಏನೇ ದುಃಖದಲ್ಲಿದ್ದರೂ ಅವರ ಕೈಯಲ್ಲಿ ಒಂದು ಕೆಲಸ ಇರುತ್ತೆ. ಅದು ಅಲ್ಲಿಂದ ಬಂದದ್ದು ಅಂತ ನನಗೆ ಗೊತ್ತು.

ಆದರೆ ನಿಮ್ಮ ಪ್ರಶ್ನೆಗೆ ನೇರ ಉತ್ತರ ಇರುವುದು ಕಥೆಯ ಕೊನೆಯಲ್ಲಿ. ಪೊಟ್ಟಣದ ಕಾಗದದಲ್ಲಿ ಕಥೆಗೆ ಕೊನೆ ಇರುತ್ತಿರಲಿಲ್ಲ. ಹರಿದುಹೋಗಿರುತ್ತಿತ್ತು. ಅಪ್ಪ ಕಾಗದದ ಅಂಚಿಗೆ ಬಂದು, ಹಿಂದೆ ಮುಂದೆ ತಿರುಗಿಸಿ ನೋಡಿ, "ಮುಂದೇನಾತು? ನೀನೇ ಹೇಳು ನೋಡಾನ" ಅನ್ನುತ್ತಿದ್ದರು. ನನ್ನನ್ನು ಪರೀಕ್ಷೆ ಮಾಡಲು ಅಲ್ಲ. ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ಮಗುವಿಗೆ ಆ ವ್ಯತ್ಯಾಸ ತಿಳಿಯುತ್ತೆ ತಂಗಿ. ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಅವರ ಜೇಬಿನಲ್ಲಿ ಇರುತ್ತೆ. ಅಪ್ಪನ ಜೇಬಿನಲ್ಲಿ ಇರಲಿಲ್ಲ.

ಒಂದು ಸಲ ಚಂದಮಾಮದ ಹಾಳೆ ಸಿಕ್ಕಿತು. ಚಂದಮಾಮ ಕನ್ನಡದಲ್ಲಿ 1949ರಿಂದ ಬರುತ್ತಿತ್ತು. ಅದರಲ್ಲಿ ಬೇತಾಳನ ಕಥೆ ಇರುತ್ತಿದ್ದದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರುತ್ತೆ. ಬೇತಾಳ ಕಥೆ ಹೇಳಿ ಕೊನೆಗೆ ರಾಜನಿಗೆ ಒಂದು ಪ್ರಶ್ನೆ ಹಾಕುತ್ತೆ. ಗೊತ್ತಿದ್ದೂ ಉತ್ತರ ಹೇಳದಿದ್ದರೆ ನಿನ್ನ ತಲೆ ಒಡೆದು ಹೋಳಾಗುತ್ತೆ ಅನ್ನುತ್ತೆ. ನಮ್ಮ ಹಾಳೆ ಹರಿದಿದ್ದದ್ದು ಸರಿಯಾಗಿ ಅಲ್ಲೇ! ಪ್ರಶ್ನೆ ಇದೆ, ರಾಜನ ಉತ್ತರ ಇಲ್ಲ. ನನಗೆ ಆಗ ಎಂಟು ವರ್ಷ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನನಗೆ ಉತ್ತರ ಗೊತ್ತಿದೆಯೋ ಇಲ್ಲವೋ ಅನ್ನುವುದೇ ಗೊತ್ತಾಗದೆ ಭಯ. ಬೆಳಗಿನ ಜಾವ ಅಪ್ಪ ಪಾಳಿಗೆ ಏಳುವಾಗ ಎಬ್ಬಿಸಿಕೊಂಡು ಹೇಳಿಬಿಟ್ಟೆ. ಅಪ್ಪ ಅಂಗಿ ಗುಂಡಿ ಹಾಕುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. "ಹೌದು, ಹಂಗೇ ಆಗಿರತ್ತೆ" ಅಂದರು. ಮಿಲ್ಲಿಗೆ ಹೋದರು. ನನ್ನ ಮೊದಲ ಕಥೆ ಅದು ಅಂತ ನಾನು ಎಣಿಸುತ್ತೇನೆ, ಬರೆದಿಲ್ಲದಿದ್ದರೂ.

ಎರಡನೇ ಪಾಳಿಯ ವಾರ ಅಪ್ಪ ಬರುವುದು ನಡುರಾತ್ರಿ. ಆ ವಾರ ಕಥೆ ಇಲ್ಲ. ಹಿಂದಿನ ವಾರದ ಹರಿದ ಕಥೆಯನ್ನೇ ಇಟ್ಟುಕೊಂಡು ದಿನಾ ಒಂದೊಂದು ಕೊನೆ ಮಾಡಿಕೊಳ್ಳುತ್ತಿದ್ದೆ, ಮುಂದಿನ ವಾರ ಹೇಳಲು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಮಿಲ್ಲು ಬಾಗಿಲು ಹಾಕಿತು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಅಪ್ಪ ಒಂದು ಗೋಡೌನಿಗೆ ರಾತ್ರಿ ಕಾವಲಿಗೆ ಸೇರಿಕೊಂಡರು. ಇನ್ನು ರಾತ್ರಿ ಅವರ ತೋಳೇ ಇಲ್ಲ. ಆಗ ನಾನು ಬರೆಯಲು ಶುರು ಮಾಡಿದೆ. ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆ ಕಿತ್ತು, ದೊಡ್ಡ ಅಕ್ಷರದಲ್ಲಿ, ಒತ್ತಕ್ಷರ ಆದಷ್ಟು ಕಡಿಮೆ ಮಾಡಿ ಬರೆದು ಅವರ ಬುತ್ತಿ ಡಬ್ಬಿಯ ಜೊತೆ ಇಡುತ್ತಿದ್ದೆ. ಅಪ್ಪ ರಾತ್ರಿ ಗೋಡೌನಿನ ದೀಪದ ಕೆಳಗೆ ಬೆರಳಿಟ್ಟು ಓದಿ, ಕೊನೆಗೆ ಪೆನ್ಸಿಲ್‌ನಲ್ಲಿ ಬರೆದು ಕಳಿಸುತ್ತಿದ್ದರು. ಒಂದೇ ಸಾಲು. "ಮುಂದೇನಾತು". ಪ್ರಶ್ನೆ ಚಿಹ್ನೆ ಹಾಕಲು ಅವರಿಗೆ ಬರುತ್ತಿರಲಿಲ್ಲ.

ನನ್ನ ಕಥೆಗಳು ಸರಳವಾಗಿವೆ ಅಂತ ಓದಿದವರು ಹೇಳುತ್ತಾರೆ. ಒತ್ತಕ್ಷರಕ್ಕೆ ಅಪ್ಪ ತಡವರಿಸುತ್ತಾರೆ ಅಂತ ಕಲಿತ ಸರಳತೆ ಅದು.

ಈಗ ನನ್ನ ಮಗನ ವಿಷಯ. ಇದನ್ನು ಹೇಳದಿದ್ದರೆ ನಿಮಗೆ ಅರ್ಧ ಸತ್ಯ ಹೇಳಿದ ಹಾಗಾಗುತ್ತೆ. ಅವನು ಹುಟ್ಟಿದಾಗ ನನ್ನ ಕೈಯಲ್ಲಿ ಸಂಬಳ ಇತ್ತು. ಪುಸ್ತಕ ರಾಶಿ ತಂದೆ. ದಿನಾ ರಾತ್ರಿ ಓದಿದೆ. ಚೆನ್ನಾಗಿ ಓದಿದೆ. ಸಿಂಹಕ್ಕೆ ಒಂದು ದನಿ, ಇಲಿಗೆ ಒಂದು ದನಿ, ಮಳೆ ಬಂದರೆ ಬಾಯಲ್ಲಿ ಮಳೆ. ಎಲ್ಲೂ ತಡವರಿಸಲಿಲ್ಲ, ಎಲ್ಲೂ ನಿಲ್ಲಿಸಲಿಲ್ಲ. ಅವನು ನಡುವೆ ಏನಾದರೂ ಕೇಳಿದರೆ "ತಡಿ, ಈಗ ಬರುತ್ತೆ" ಅನ್ನುತ್ತಿದ್ದೆ. ಅವನು ಸಂತೋಷವಾಗಿ ಕೇಳಿ ಮಲಗುತ್ತಿದ್ದ. ಅವನು ಬರೆಯುವುದಿಲ್ಲ. ಬರೆಯಬೇಕು ಅಂತ ಅವನಿಗೆ ಅನಿಸಿಯೂ ಇಲ್ಲ. ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ರೈತರಿಗೆ ಮೋಟಾರ್ ಯಾಕೆ ಸುಟ್ಟಿತು ಅಂತ ಹೇಳುವಾಗ ಮಾತ್ರ ನಾನು ನಿಂತು ಕೇಳುತ್ತೇನೆ. ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಕೊನೆಗೆ ಹೇಳಬೇಕು ಅನ್ನುವುದು ಅವನಿಗೆ ಬಹಳ ಚೆನ್ನಾಗಿ ಗೊತ್ತು. ಹಾಗಾಗಿ ಓದಿದ್ದು ವ್ಯರ್ಥ ಆಯಿತು ಅಂತ ನಾನು ಅನ್ನುವುದಿಲ್ಲ. ಆದರೆ ಅಪ್ಪ ನನಗೆ ಬಿಟ್ಟ ಜಾಗವನ್ನು ನಾನು ಅವನಿಗೆ ಬಿಡಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಇದೆ.

ನಿಮ್ಮ ಮಗಳು ಆ ಜಾಗವನ್ನು ತಾನೇ ಕೇಳಿ ತೆಗೆದುಕೊಳ್ಳುತ್ತಿದ್ದಾಳೆ. ಪುಟದ ಮೇಲೆ ಕೈ ಇಡುತ್ತಾಳೆ ಅಂದಿರಲ್ಲ, ಆ ಕೈಯನ್ನು ದಯವಿಟ್ಟು ಸರಿಸಬೇಡಿ.

ಅತ್ತೆಯವರ ಮಾತಿಗೆ: ಅವರು ಹೇಳುವುದು ಸರಿ. ಓಬವ್ವ ನಮ್ಮವಳು, ಅವಳ ಸಾವನ್ನು ಅಳಿಸಬಾರದು. ಒಂದು ಸಲ ಇದ್ದ ಹಾಗೇ ಪೂರ್ತಿ ಹೇಳಿ, ಸಾಧ್ಯವಾದರೆ ಅತ್ತೆಯ ಬಾಯಲ್ಲೇ, ಹಗಲು ಹೊತ್ತು, ಕಿಂಡಿಯ ಹತ್ತಿರ. ರಾತ್ರಿ ಹಾಸಿಗೆಯಲ್ಲಿ ಅವಳ ಸರದಿ. ಮಗು ಓಬವ್ವನಿಗೆ ಮಗಳನ್ನು ಕೊಟ್ಟದ್ದು ಯಾಕೆ ಅಂತ ಯೋಚಿಸಿ. ಆ ರಾತ್ರಿ ಆ ಮನೆಯೊಳಗೆ ತಾನೂ ಇರಬೇಕು ಅಂತ. ನಾವು ಬರೆಯುವವರು ಮಾಡುವುದೂ ಇದನ್ನೇ. ನಾವು ಇರದ ಮನೆಯಲ್ಲಿ ಒಂದು ಚಾಪೆ ಹಾಸಿಕೊಳ್ಳುತ್ತೇವೆ.

ಉತ್ತರ | ಮಕ್ಕಳ ಡಾಕ್ಟರ್, ದಾವಣಗೆರೆ

ಮೇಲಿನ ಅಕ್ಕ ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾನು ವೈದ್ಯಕೀಯದ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಒಂದೇ ಕಥೆ ಮತ್ತೆ ಮತ್ತೆ ಕೇಳುವುದು ಆರೋಗ್ಯದ ಲಕ್ಷಣ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2011ರಲ್ಲಿ 3 ವರ್ಷದ ಮಕ್ಕಳ ಮೇಲೆ ಮಾಡಿದ ಅಧ್ಯಯನ ಇದೆ. ಕೆಲವು ಮಕ್ಕಳಿಗೆ ಅದೇ ಕಥೆ ಮತ್ತೆ ಮತ್ತೆ ಓದಿದರು, ಕೆಲವರಿಗೆ ಬೇರೆ ಬೇರೆ ಕಥೆ. ಹೊಸ ಪದಗಳು ಎರಡೂ ಕಡೆ ಅಷ್ಟೇ ಸಲ ಬರುತ್ತಿದ್ದವು. ಒಂದೇ ಕಥೆ ಕೇಳಿದ ಮಕ್ಕಳೇ ಪದಗಳನ್ನು ಚೆನ್ನಾಗಿ ನೆನಪಿಟ್ಟುಕೊಂಡರು. ಕಥೆ ಗೊತ್ತಿದ್ದಾಗ ಮಗುವಿನ ಗಮನ ವಿವರಗಳ ಕಡೆ ಹೋಗುತ್ತೆ. ಓಬವ್ವನ ಮನೆಯಲ್ಲಿ ಮಗು ಎಲ್ಲಿ ಮಲಗಿತ್ತು ಅಂತ ಕೇಳಲು ಕಥೆ ಬಾಯಿಪಾಠ ಆಗಿರಬೇಕು.

ಕಲ್ಪನೆಯ ಬಗ್ಗೆ 2015ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. 3ರಿಂದ 5 ವರ್ಷದ 19 ಮಕ್ಕಳು ಎಂಆರ್‌ಐ ಯಂತ್ರದೊಳಗೆ ಮಲಗಿ ಕಥೆ ಕೇಳಿದರು. ಕಣ್ಣಿಗೆ ಚಿತ್ರ ಇಲ್ಲ, ಬರೀ ದನಿ. ಮನೆಯಲ್ಲಿ ಹೆಚ್ಚು ಓದಿಸಿಕೊಂಡ ಮಕ್ಕಳಲ್ಲಿ ಮೆದುಳಿನ ಎಡಭಾಗದ ಹಿಂದಿನ ಒಂದು ಜಾಗ ಜಾಸ್ತಿ ಚುರುಕಾಗಿ ಕೆಲಸ ಮಾಡಿತು. ಕೇಳಿದ್ದಕ್ಕೆ ಅರ್ಥ ಕೂಡಿಸುವ, ಮನಸ್ಸಿನಲ್ಲಿ ಚಿತ್ರ ಕಟ್ಟುವ ಕೆಲಸಕ್ಕೆ ಸೇರಿದ ಜಾಗ ಅದು. ಹತ್ತೊಂಬತ್ತು ಮಕ್ಕಳು ಅಂದರೆ ಸಣ್ಣ ಗುಂಪು. ಓದಿದ್ದರಿಂದಲೇ ಹೀಗಾಯಿತು ಅಂತ ಅಷ್ಟರಿಂದ ಹೇಳಲು ಬರುವುದಿಲ್ಲ. ಆದರೂ ದಾರಿ ಯಾವ ಕಡೆ ಅಂತ ತೋರಿಸುತ್ತೆ.

ನಡುವೆ ನಿಲ್ಲಿಸಿ ಮಗುವನ್ನು ಮಾತಾಡಿಸುತ್ತಾ ಓದುವ ಪದ್ಧತಿಯನ್ನು 1988ರಲ್ಲೇ ಪರೀಕ್ಷೆ ಮಾಡಿದ್ದಾರೆ. ಎರಡು ಮೂರು ವರ್ಷದ ಮಕ್ಕಳು. ತಂದೆತಾಯಿ "ಮುಂದೆ ಏನಾಗಬಹುದು, ಯಾಕೆ" ಅಂತ ಕೇಳುತ್ತಾ ಓದಿದರು. ಒಂದು ತಿಂಗಳಲ್ಲೇ ಆ ಮಕ್ಕಳು ಮಾತಿನಲ್ಲಿ ಉಳಿದವರಿಗಿಂತ ಮುಂದೆ ಹೋದರು. ಅದು ಯಾರಿಗೂ ತಿಳಿಯುವ ಮೊದಲೇ ಒಬ್ಬ ಮಿಲ್ ಕಾರ್ಮಿಕ ಮಂಡಕ್ಕಿ ಪೊಟ್ಟಣ ಹಿಡಿದುಕೊಂಡು ಅದನ್ನೇ ಮಾಡುತ್ತಿದ್ದರಲ್ಲ ಅಂತ ನನಗೆ ಹೆಮ್ಮೆ ಆಯಿತು.

ಇಂಗ್ಲಿಷ್ ಬಗ್ಗೆ ಹೆದರಬೇಡಿ. ಮನೆಮಾತಿನಲ್ಲಿ ಕಥೆ ಕಟ್ಟಲು ಬಂದ ಮಗುವಿಗೆ ಆ ಕೌಶಲ ಎರಡನೇ ಭಾಷೆಗೂ ಹೋಗುತ್ತೆ. ನಿಮ್ಮ ನಾಲಿಗೆಗೆ ಸಲೀಸಾದ ಭಾಷೆಯಲ್ಲೇ ಓದಿ. ನನ್ನ ಬಳಿ ಬರುವ ತಾಯಂದಿರಿಗೆಲ್ಲ ಇದನ್ನೇ ಹೇಳುತ್ತೇನೆ. ಆ ಹೊತ್ತಿನಲ್ಲಿ ಫೋನ್ ಬೇರೆ ರೂಮಿನಲ್ಲಿ ಇರಲಿ, ನಿಮ್ಮದೂ ಸೇರಿ.

ಉತ್ತರ | ಹೂಂಗುಟ್ಟುವವನು, ಚಳ್ಳಕೆರೆ ಕಡೆ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಓದು, ಪುಸ್ತಕ ಅಂತ ಯಾಕೆ ಅಷ್ಟು ಒತ್ತು?

ನಮ್ಮಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಕಂಬಳಿ ಹಾಸಿ ಎಲ್ಲರೂ ಮಲಗುತ್ತಿದ್ದೆವು. ಅಜ್ಜಿಯ ಕಥೆಗೆ ಒಂದೇ ನಿಯಮ. ಯಾರಾದರೂ ಒಬ್ಬರು ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ದೊಡ್ಡವರೆಲ್ಲ ನಿದ್ದೆ ಹೋದ ಮೇಲೂ ನಾನು ಹೂಂಗುಟ್ಟುತ್ತಿದ್ದೆ. ಯಾವ ಹೂಂ ಹೇಗೆ ಹಾಕಬೇಕು ಅಂತಲೂ ಕಲಿತೆ. ಎಳೆದು ಹೂಂ ಅಂದರೆ ಅಜ್ಜಿ ಅಲ್ಲೇ ನಿಂತು ಇನ್ನೂ ವಿವರ ಹೇಳುತ್ತಿದ್ದಳು. ಚುಟುಕಾಗಿ ಅಂದರೆ ಬೇಗ ಮುಂದಕ್ಕೆ ಹೋಗುತ್ತಿದ್ದಳು. ಒಂದು ರಾತ್ರಿ ಏಳು ಜನ ಅಣ್ಣತಮ್ಮಂದಿರ ಕಥೆ. ಮೊದಲನೆಯವನ ಹತ್ತಿರವೇ ನಾನು ಹೂಂ ಎಳೆದೂ ಎಳೆದೂ, ಅವನ ಕುರಿಹಟ್ಟಿ, ಅವನ ನಾಯಿ, ನಾಯಿಯ ಕಿವಿ ಎಲ್ಲ ಬಂದವು. ಏಳನೆಯವನು ಬರುವ ಮುಂಚೆ ಬೆಳ್ಳಿ ಚುಕ್ಕಿ ಮೂಡಿತು.

ನಮ್ಮ ತಾಲ್ಲೂಕಿನ ಸಿರಿಯಜ್ಜಿಯ ಹೆಸರು ನೀವು ಕೇಳಿರುತ್ತೀರಿ. ಓದು ಬರಹ ಕಲಿತವರಲ್ಲ. ಸಾವಿರಾರು ಜನಪದ ಹಾಡುಗಳು ಅವರ ಬಾಯಲ್ಲಿದ್ದವು. ವಿದ್ವಾಂಸರು ಅವರ ಗುಡಿಸಲಿನ ಮುಂದೆ ಕೂತು ಬರೆದುಕೊಂಡರು. ಹಾಗಾದರೆ ಕಲ್ಪನೆ ಬರುವುದು ಪುಸ್ತಕದಿಂದ ಅಂತ ಹೇಗೆ ಹೇಳುವುದು?

ನಾನು ನಾಟಕಕ್ಕೆ ಮಾತು ಬರೆಯುತ್ತೇನೆ. ಯಾವ ಮಾತಿಗೆ ಜನ ಹೂಂ ಅನ್ನುತ್ತಾರೆ ಅಂತ ಕಿವಿಯಲ್ಲಿ ಕೇಳಿಕೊಂಡೇ ಬರೆಯುತ್ತೇನೆ. ಅಕ್ಕಾ, ವಾರದಲ್ಲಿ ಒಂದೆರಡು ದಿನ ದೀಪ ಆರಿಸಿ. ಪುಸ್ತಕ ಇಲ್ಲದೆ ಹೇಳಿ. ನಿಮ್ಮ ಅತ್ತೆಯಿಂದ ಹೇಳಿಸಿ. ಅವರ ಹತ್ತಿರ ಏನೇನು ಇದೆಯೋ, ಯಾರು ಕೇಳಿದ್ದಾರೆ?

ಮರು ಉತ್ತರ | ಮಂಡಕ್ಕಿ ಪೊಟ್ಟಣ

ತಮ್ಮಾ, ನಿಮ್ಮ ಮಾತಿಗೆ ನನ್ನದು ಎಳೆದ ಹೂಂ. ಒಂದನ್ನು ಮಾತ್ರ ಸೇರಿಸುತ್ತೇನೆ. ಹೇಳಿದ ಕಥೆ ಕಿವಿಯನ್ನು ಬೆಳೆಸುತ್ತೆ. ಓದಿ ಹೇಳಿದ ಕಥೆಯಲ್ಲಿ ಮಗು ಇನ್ನೊಂದನ್ನು ನೋಡುತ್ತೆ: ಯಾರೋ ಗೊತ್ತಿಲ್ಲದವರು, ಎಲ್ಲೋ ದೂರದಲ್ಲಿ ಕೂತು ಬರೆದದ್ದು ನಮ್ಮ ಚಾಪೆಯ ತನಕ ಬಂದಿದೆ. ನಾನು ಬರೆದದ್ದೂ ಹಾಗೆ ಹೋಗಬಹುದು ಅನ್ನುವ ಆಸೆ ನನಗೆ ಹುಟ್ಟಿದ್ದು ಆ ಎಣ್ಣೆ ಕಾಗದ ನೋಡಿಯೇ. ಎರಡೂ ಇರಲಿ.

ಉತ್ತರ | ಪಂಚಾಯಿತಿ ಲೈಬ್ರರಿ, ಜಗಳೂರು ತಾಲ್ಲೂಕು

ಪುಸ್ತಕ ಎಲ್ಲಿ ಸಿಗುತ್ತೆ ಅಂತ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಗ್ರಾಮ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಈಗ ಅರಿವು ಕೇಂದ್ರ ಅಂತ ಕರೆಯುತ್ತಾರೆ. 2020ರಲ್ಲಿ ಸರ್ಕಾರ 'ಓದುವ ಬೆಳಕು' ಅಂತ ಶುರು ಮಾಡಿದ ಮೇಲೆ ಹಳ್ಳಿ ಮಕ್ಕಳಿಗೆ ಇಲ್ಲಿ ದುಡ್ಡಿಲ್ಲದೆ ಸದಸ್ಯತ್ವ. ನಿಮ್ಮ ಊರಿನಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯ ಇದೆ, ಮಗಳನ್ನು ಕರೆದುಕೊಂಡು ಹೋಗಿ. ಅವಳೇ ಆರಿಸಲಿ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಲೈಬ್ರರಿಗೆ ಅಂತಲೇ ಸೆಸ್ ಕಟ್ಟಿರುತ್ತೇವೆ. ಅದು ನಮ್ಮದೇ ಮನೆ.

ಪುಸ್ತಕ ಸಿಗದ ದಿನ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ನೋಡಿ. 2015ರಿಂದ ಇದೆ. ಚಿತ್ರದ ಕಥೆಗಳು ಕನ್ನಡದಲ್ಲಿ ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂ ಬಹುದು. ನಾನು ಕೆಲವನ್ನು ಪ್ರಿಂಟ್ ತೆಗೆಸಿ, ಕೊನೆಯ ಪುಟವನ್ನು ಬೇರೆ ಇಟ್ಟು ಮಕ್ಕಳಿಗೆ ಕೊಡೋಣ ಅಂತಿದ್ದೇನೆ. ಮಂಡಕ್ಕಿ ಪೊಟ್ಟಣದ ಅಕ್ಕ ಬರೆದದ್ದು ಓದಿ ಇವತ್ತು ಮಧ್ಯಾಹ್ನ ಹೊಳೆದದ್ದು. ಬೇಸಿಗೆ ರಜೆಗೆ ಮಾಡುತ್ತೇನೆ.

ಮರು ಉತ್ತರ | ಬುರುಜನಹಟ್ಟಿ ಅಮ್ಮ

ಹತ್ತು ದಿನ ಆಯಿತು. ಎಲ್ಲರಿಗೂ ಉತ್ತರ ಬರೆಯಬೇಕು ಅಂತ ಇದ್ದೆ.

ಬೆರಳಿಟ್ಟು ನಿಧಾನ ಓದಿ ನೋಡಿದೆ. ಮೊದಲ ದಿನ ಅವಳಿಗೆ ಸಿಟ್ಟು ಬಂತು. ಎರಡನೇ ದಿನ ಪದ ಮುಗಿಯುವ ಮುಂಚೆ ತಾನೇ ಹೇಳಲು ಶುರು ಮಾಡಿದಳು. ತಪ್ಪಾದರೆ ಇನ್ನೂ ಖುಷಿ. "ಮುಂದೇನಾಯ್ತು" ಅಂತ ಕೇಳುವುದು ನನಗೆ ಕಷ್ಟ ಆಯಿತು. ಉತ್ತರ ನನ್ನ ಜೇಬಿನಲ್ಲಿದೆ ಅಂತ ಅವಳಿಗೆ ಗೊತ್ತಾಗುತ್ತಿತ್ತು. ಅದಕ್ಕೆ ಈಗ ನಾನೂ ಓದಿರದ ಪುಸ್ತಕ ತರುತ್ತೇನೆ, ಅವಳ ಜೊತೆಯಲ್ಲೇ ಮೊದಲ ಸಲ ಓದುತ್ತೇನೆ. ಅರ್ಧಕ್ಕೆ ನಿಲ್ಲಿಸಿ ಮಲಗುತ್ತೇವೆ. ನನಗೇ ನಿದ್ದೆ ಬರುವುದಿಲ್ಲ.

ಅತ್ತೆಗೆ ನೀವು ಬರೆದದ್ದನ್ನೆಲ್ಲ ಓದಿ ಹೇಳಿದೆ. ಏನೂ ಅನ್ನಲಿಲ್ಲ. ಮರುದಿನ ಅಟ್ಟ ಹತ್ತಿಸಿ, ಅವರ ಅತ್ತೆಯ ಕಾಲದ ಒನಕೆ ಇಳಿಸಿದರು. ಮೊಮ್ಮಗಳ ಕೈಗೆ ಕೊಟ್ಟರು. ಅವಳಿಗೆ ಎತ್ತಲು ಆಗಲಿಲ್ಲ. "ನೋಡು, ಇಷ್ಟು ಭಾರ. ಅಷ್ಟು ಹೊತ್ತು ಎತ್ತಿ ಎತ್ತಿ ಹೊಡೆದಳು ಅವಳು" ಅಂದರು. ಆಮೇಲೆ ಓಬವ್ವ ಸತ್ತದ್ದನ್ನೂ ಹೇಳಿದರು, ಇದ್ದ ಹಾಗೆ. ಮಗಳು ಅತ್ತಳು. ಅಜ್ಜಿಯ ಸೆರಗಿನಲ್ಲಿ ಮುಖ ಒರೆಸಿಕೊಂಡು, ಕುಟ್ಟುವಾಗ ಏನು ಹಾಡುತ್ತಿದ್ದಿರಿ ಅಂತ ಕೇಳಿದಳು. ಅತ್ತೆ ಎರಡು ಪದ ಹೇಳಿದರು. ಹನ್ನೊಂದು ವರ್ಷದಿಂದ ಈ ಮನೆಯಲ್ಲಿದ್ದೇನೆ, ಅವರಿಗೆ ಆ ಪದ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ.

ಮೊನ್ನೆ ರಾತ್ರಿಯ ಕಥೆಯಲ್ಲಿ ಓಬವ್ವನಿಗೆ ಕೈ ಸೋತಿತ್ತು. ಮಗಳು ಎದ್ದು ಬಂದು ಒನಕೆಯ ಇನ್ನೊಂದು ತುದಿ ಹಿಡಿದುಕೊಂಡಳು. ನಿನ್ನೆ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿದ್ದಾಳೆ. "ಓಬವನ ಮಗಳು ಎದಳು. ಅಮ ನಾನು ಇದಿನಿ ಅಂದಳು." ಒತ್ತಕ್ಷರ ಒಂದೂ ಇಲ್ಲ. ತಿದ್ದಿಲ್ಲ ನಾನು.

ಒನಕೆ ಈಗ ಹಾಸಿಗೆಯ ಪಕ್ಕ ಗೋಡೆಗೆ ಒರಗಿದೆ. ಅಟ್ಟಕ್ಕೆ ವಾಪಸ್ ಇಡಲು ಬಿಡುತ್ತಿಲ್ಲ.